ಗೊಲ್ಲಾಳಮ್ಮನ ಹತ್ತನೇ ಸುತ್ತು

ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ರಸ್ತೆಯಲ್ಲಿ, ಗೊಬ್ಬರದ ಅಂಗಡಿಗಳನ್ನು ದಾಟಿದ ಮೇಲೆ, ಹಸಿರು ಬಣ್ಣ ಬಳಿದ ತಗಡಿನ ಶೆಡ್ಡೊಂದಿದೆ. ಹೊರಗೆ ಬಿಚ್ಚಿಟ್ಟ ಪಂಪ್‌ಸೆಟ್ಟುಗಳು, ಒಳಗೆ ವಾರ್ನಿಷಿನ ವಾಸನೆ. ಬೋರ್ಡಿನ ಮೇಲೆ ದ್ಯಾವಪ್ಪನ ಹೆಸರಿದೆ. ಬೇರಿಂಗ್ ಬದಲಿಸುವುದು, ಶಾಫ್ಟ್ ಕೂಡಿಸುವುದು, ಗಿರಾಕಿಗಳ ಜೊತೆ ಮಾತಾಡುವುದು ಅವನ ಪಾಲಿನ ಕೆಲಸ. ಆದರೆ ಮೋಟಾರಿನ ಜೀವವಿರುವುದು ಅದರೊಳಗಿನ ತಾಮ್ರದ ಸುರುಳಿಯಲ್ಲಿ. ಆ ಸುರುಳಿಯನ್ನು ಇಪ್ಪತ್ತಾರು ವರ್ಷಗಳಿಂದ ಸುತ್ತುತ್ತಿರುವವಳು ಅವನ ಹೆಂಡತಿ ಗೊಲ್ಲಾಳಮ್ಮ. ಸುರುಳಿಯ ಅಚ್ಚಾದ ಮರದ ಫರ್ಮಾವನ್ನು ಬಲಗೈಯಿಂದ ತಿರುಗಿಸುತ್ತ, ಎಡಗೈಯ ಎರಡು ಬೆರಳುಗಳ ನಡುವೆ ತಂತಿಯನ್ನು ಹಿಡಿದು, ಬಿಗಿಯನ್ನು ಬೆರಳಿನಿಂದಲೇ ಅಳೆಯುತ್ತಾಳೆ. ಆ ಎರಡು ಬೆರಳುಗಳ ಮೇಲೆ ತಂತಿ ಕೊರೆದ ಗೆರೆ ಇಂದಿಗೂ ಮಾಸಿಲ್ಲ.

ಆಕೆಯ ಎಣಿಕೆಗೆ ಒಂದು ಪದ್ಧತಿಯಿತ್ತು. ತಂದೆ ಭಾಗಣ್ಣ ಗಂಜಿನಲ್ಲಿ, ಎಂದರೆ ಕಾಳಿನ ಪೇಟೆಯಲ್ಲಿ, ಕಾಳು ಅಳೆಯುತ್ತಿದ್ದವನು. ನಮ್ಮ ಕಡೆ ಅಳೆಯುವವರು ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ, ಎರಡನೆಯದಕ್ಕೆ ‘ಎರಡು’. ಗಂಜಿನಲ್ಲಿ ಆ ಲಾಭವೂ ಲೆಕ್ಕದೊಳಗೇ ಸೇರುತ್ತದೆ. ಭಾಗಣ್ಣನ ಮನೆಯಲ್ಲಿ ಮಾತ್ರ ಸುಗ್ಗಿಯ ಕಾಳು ಅಳೆಯುವಾಗ ಲಾಭದ ಸೇರನ್ನು ದೇವರ ಮುಂದೆ ಬೇರೆಯಾಗಿ ಸುರಿದು, ಆಮೇಲೆ ಒಂದು, ಎರಡು ಎಂದು ಎಣಿಸುತ್ತಿದ್ದರು. ಗೊಲ್ಲಾಳಮ್ಮ ಕಲಿತದ್ದು ಮನೆಯ ಎಣಿಕೆಯನ್ನು. ಹೊಸದಕ್ಕೆ ಎಷ್ಟು ಸುತ್ತು ಬೇಕೆಂದು ತಿಳಿಯಲು ಸುಟ್ಟ ಮೋಟಾರಿನ ಹಳೆಯ ತಂತಿಯನ್ನು ಕತ್ತರಿಸಿ ಎಣಿಸುವಾಗ ಆಕೆ ಲಾಭ ಎನ್ನುತ್ತಿರಲಿಲ್ಲ. ಸುಟ್ಟದ್ದರಲ್ಲಿ ಎಂಥ ಲಾಭ? ಹೊಸದನ್ನು ಸುತ್ತುವಾಗ ಮಾತ್ರ ಮೊದಲ ಸುತ್ತಿಗೆ ಲಾಭ, ಎರಡನೆಯದಕ್ಕೆ ಒಂದು. ಹೀಗೆ ಆಕೆಯ ಕೈಯಿಂದ ಹೊರಬಿದ್ದ ಪ್ರತಿ ಸುರುಳಿಯಲ್ಲೂ ಒಂದು ಸುತ್ತು ಹೆಚ್ಚಿಗೆ ಇರುತ್ತಿತ್ತು. ಅರವತ್ತು ಸುತ್ತಿನ ಮೋಟಾರಿಗೆ ಒಂದು ಹೆಚ್ಚಾದರೆ ಏನೂ ಕೆಡುವುದಿಲ್ಲ. ಇಪ್ಪತ್ತಾರು ವರ್ಷ ಯಾರಿಗೂ ತಿಳಿಯಲಿಲ್ಲ, ಆಕೆಗೂ ತಿಳಿಯಲಿಲ್ಲ.

ತಂಗಿ ಮಲ್ಲಿಕಮ್ಮ ಈ ವಿದ್ಯೆಯನ್ನು ಕಲಿತದ್ದು ಇದೇ ಶೆಡ್ಡಿನಲ್ಲಿ, ಮದುವೆಗೆ ಮುಂಚಿನ ಎರಡು ವರ್ಷ. ಸುರಪುರಕ್ಕೆ ಸೊಸೆಯಾಗಿ ಹೋದ ಮೇಲೆ ಅಲ್ಲೇ ಅಂಗಡಿ ತೆರೆದಳು. ಎಂಟು ವರ್ಷಗಳ ಹಿಂದೆ ಸುತ್ತುವ ಮಷೀನನ್ನೂ ತಂದಳು. ಮಷೀನಿಗೆ ಅಂಕಿ ತೋರಿಸುವ ಒಂದು ಕಿಟಕಿ ಇತ್ತು. ‘ಮಲ್ಲಿಕಮ್ಮನ ಲೆಕ್ಕ ತಪ್ಪಂಗಿಲ್ಲ’ ಎಂಬ ಮಾತು ಸುರಪುರದಿಂದ ಶಹಾಪುರದವರೆಗೆ ಬಂತು. ಬೋನಾಳದ ಕೆರೆಯ ಸುತ್ತಲಿನ ಹಳ್ಳಿಗಳ ಮೋಟಾರುಗಳು ಮೊದಲು ಶಹಾಪುರಕ್ಕೆ ಬರುತ್ತಿದ್ದವು. ಈಗ ಸುರಪುರದಲ್ಲೇ ಇಳಿಯತೊಡಗಿದವು. ಗೊಲ್ಲಾಳಮ್ಮ ಸುರಪುರದ ಕಡೆ ಬಸ್ಸಿನಲ್ಲಿ ಹೋದಾಗಲೆಲ್ಲ ಕಿಟಕಿಯ ಪಕ್ಕ ಕೂತು, ತಂಗಿಯ ಅಂಗಡಿಯ ಮುಂದೆ ಎಷ್ಟು ಮೋಟಾರುಗಳಿವೆ ಎಂದು ಎಣಿಸುತ್ತಿದ್ದಳು. ಆ ಎಣಿಕೆಯಲ್ಲಿ ಲಾಭ ಎಂಬ ಮಾತು ಬರುತ್ತಿರಲಿಲ್ಲ.

ಹೀಗಿರುವಾಗ, ಮಳೆಗಾಲದ ಕೊನೆಯಲ್ಲಿ, ಸಪ್ನಾ ಎಂಬ ಉಪನ್ಯಾಸಕಿ ಆ ಶೆಡ್ಡಿಗೆ ಬಂದಳು. ಯಾದಗಿರಿ ಕಡೆಯ ಹುಡುಗಿ, ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಭೀಮರಾಯನಗುಡಿಯ ಕಾಲುವೆಯ ಬದಿಗೆ ನೆಲ್ಲಿನ ಗದ್ದೆಯೊಂದನ್ನು ಪ್ರಯೋಗಕ್ಕೆಂದು ಹಿಡಿದಿದ್ದಳು. ಕೆಸರಿನೊಳಗೆ ಹೂತಿಟ್ಟು ನೀರನ್ನೂ ಉಪ್ಪನ್ನೂ ಅಳೆಯುವ ಸಣ್ಣ ಉಪಕರಣಗಳು ಅವಳ ಕೆಲಸ. ಅವುಗಳ ಬ್ಯಾಟರಿ ಚಾರ್ಜ್ ಮಾಡಲು ಪಿನ್ನಿಟ್ಟರೆ ತಿಂಗಳೊಳಗೆ ಕಿಲುಬು ಹಿಡಿಯುತ್ತಿತ್ತು. ಆದ್ದರಿಂದ ಕೆಸರಿನಲ್ಲೊಂದು ಸುರುಳಿ, ಮೇಲೆ ಕಂಬದ ತೋಳಿಗೊಂದು ಸುರುಳಿ; ನಡುವೆ ತಂತಿಯಿಲ್ಲದೆ ವಿದ್ಯುತ್ತು ದಾಟಬೇಕು.

ಗಾಳಿಯಲ್ಲಿ ಕರೆಂಟು ಬರುತ್ತದೆ ಎಂಬ ಸುದ್ದಿಯನ್ನು ಪತ್ರಿಕೆಗಳು ಎರಡು ವರ್ಷಕ್ಕೊಮ್ಮೆ ಹೊಸದೆಂಬಂತೆ ಅಚ್ಚು ಹಾಕುತ್ತವೆ. ನಾನು ಅದನ್ನು ಅನುಮಾನದಿಂದಲೇ ಓದುತ್ತ ಬಂದವನು. ತೊಡಕು ಇರುವುದು ವಿದ್ಯುತ್ತು ದಾಟುವುದರಲ್ಲಲ್ಲ, ದೂರ ಬದಲಾಗುವುದರಲ್ಲಿ. ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಜೋಕಾಲಿಗಳನ್ನು ನೆನೆಯಿರಿ. ಒಂದನ್ನು ತೂಗಿದರೆ ಇನ್ನೊಂದೂ ತೂಗುತ್ತದೆ. ಆದರೆ ಅವುಗಳ ನಡುವಿನ ಅಂತರ ಬದಲಾದಂತೆ ಜೋಡಿಯ ತೂಗುವ ಗತಿಯೂ ಬದಲಾಗುತ್ತದೆ. ಗಡಿಯಾರ ನೋಡಿಕೊಂಡು ಒಂದೇ ಗತಿಯಲ್ಲಿ ತಳ್ಳುವವನ ಶ್ರಮ ವ್ಯರ್ಥವಾಗುತ್ತದೆ. ಗದ್ದೆಯಲ್ಲಿ ಹೂಳು ಕೂಡುತ್ತದೆ, ಉಪಕರಣ ಇಳಿಯುತ್ತದೆ, ತೋಳು ಬಾಗುತ್ತದೆ. ದೂರ ಒಂದೇ ಆಗಿ ನಿಲ್ಲುವುದಿಲ್ಲ.

ಇಲ್ಲಿಗೆ ಬಂದದ್ದು ನಾನ್-ಹರ್ಮಿಷಿಯನ್ ಭೌತಶಾಸ್ತ್ರ. ನಾವು ಕಾಲೇಜಿನಲ್ಲಿ ಕಲಿತ ಗಣಿತದಲ್ಲಿ ವ್ಯವಸ್ಥೆ ಎಂದರೆ ಬಾಗಿಲು ಮುಚ್ಚಿದ ಕೋಣೆ. ಒಳಗಿನ ಶಕ್ತಿ ಸೋರುವುದಿಲ್ಲ, ಹೊರಗಿನದು ಸೇರುವುದಿಲ್ಲ. ಆ ಶಿಸ್ತಿಗೆ ಹರ್ಮಿಷಿಯನ್ ಎಂದು ಹೆಸರು. ಸೋರಿಕೆಯನ್ನೂ ತುಂಬುವಿಕೆಯನ್ನೂ ದೋಷವೆಂದು ಹೊರಗಿಡದೆ ಸಮೀಕರಣದೊಳಗೇ ಕೂರಿಸಿದರೆ ಸಿಗುವುದು ಇನ್ನೊಂದು ಗಣಿತ. ಕೆಳಗಿನ ಸುರುಳಿ ಎಷ್ಟು ಬಳಸುತ್ತದೋ ಅಷ್ಟನ್ನೇ ಮೇಲಿನದು ತುಂಬುವಂತೆ, ತುಂಬುವ ಶಕ್ತಿಗೂ ಒಂದು ಮಿತಿ ಇರುವಂತೆ ಸರ್ಕ್ಯೂಟ್ ಕಟ್ಟಿದರೆ, ಜೋಡಿಯು ತನ್ನ ಗತಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ದೂರ ಬದಲಾದರೆ ಗತಿ ಬದಲಾಗುತ್ತದೆ, ದಾಟುವ ವಿದ್ಯುತ್ತು ಕುಗ್ಗುವುದಿಲ್ಲ. ಆದರೆ ಒಂದು ಗಡಿಯವರೆಗೆ ಮಾತ್ರ, ಮತ್ತು ಎರಡೂ ಸುರುಳಿಗಳು ಸರಿಸಮವಾಗಿದ್ದರೆ ಮಾತ್ರ. ಈ ಎರಡನೆಯ ಷರತ್ತನ್ನು ಪತ್ರಿಕೆಗಳು ಬರೆಯುವುದಿಲ್ಲ.

ಸಪ್ನಾ ತಂದದ್ದು ಕೂದಲೆಳೆಯಂಥ ನೂರಾರು ತಂತಿಗಳನ್ನು ಹೊಸೆದು ಮಾಡಿದ ದಪ್ಪ ತಂತಿ.

“ಒಂಬತ್ತು ಸುತ್ತು ಸಾಕ್ರಿ ಅಮ್ಮಾ. ಆದ್ರ ಎರಡೂ ಕಾಯಿಲ್ ಒಂದಕ್ಕೊಂದು ಬರಾಬರ್ ಇರಬೇಕು.”

“ಒಂಬತ್ತಾ? ನಾ ಇಷ್ಟು ಕಮ್ಮಿ ಎಂದೂ ಸುತ್ತಿಲ್ರಿ ಮೇಡಂ. ಇದು ಮೋಟರಿಗೋ, ಯಾರರ ಕೈಗೆ ಬಳಿ ಇಡಸಾಕೋ?”

ಸಪ್ನಾ ನಕ್ಕಳು. “ಒಂದು ನೀವು ಸುತ್ರಿ. ಇನ್ನೊಂದು ಸುರಪುರದ ಮಲ್ಲಿಕಮ್ಮಾರಿಗೆ ಹೇಳೀನಿ. ಇಬ್ಬರ ಕೆಲಸಾನೂ ನೋಡಿದಂಗ ಆಗ್ತೈತಿ. ಯಾರ ಕೆಲಸ ಪಾಡ, ಚಲೋ ಐತಿ, ಅವರಿಗೆ ಮುಂದ ನಲವತ್ತು ಕಾಯಿಲ್ ಅದಾವ.”

ಗೊಲ್ಲಾಳಮ್ಮ ತಂತಿಯನ್ನು ಉಗುರಿನಿಂದ ಒತ್ತಿ ನೋಡುತ್ತ, ತಲೆ ಎತ್ತದೆ ಕೇಳಿದಳು: “ಮ್ಯಾಲಿಂದು ಯಾರದ್ರಿ?”

“ಮ್ಯಾಲಿಂದು ಅವರದು. ಕೆಸರಾಗ ಇರೋದು ನಿಮ್ಮದು.”

ಮೂಲೆಯಲ್ಲಿ ಬೇರಿಂಗ್ ಬಡಿಯುತ್ತಿದ್ದ ದ್ಯಾವಪ್ಪ, “ಆತು ಬಿಡ, ತಂಗಿ ಅಟ್ಟದ ಮ್ಯಾಲ, ಅಕ್ಕ ಹೊಲದಾಗ” ಎಂದ. ಆ ಮಧ್ಯಾಹ್ನ ಅವನಿಗೆ ಬುತ್ತಿಯಲ್ಲಿ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ.

ಆಕೆ ಒಂದೇ ಸುರುಳಿಗೆ ಅರ್ಧ ದಿನ ಕೂತಳು. ಲಾಭ, ಒಂದು, ಎರಡು. ಒಂಬತ್ತರವರೆಗೆ. ಮೇಲೆ ಕಾಟನ್ ಟೇಪು, ಅದರ ಮೇಲೆ ವಾರ್ನಿಷು, ಮತ್ತೆ ಟೇಪು. ಹೊರಗಿನಿಂದ ಸುತ್ತುಗಳನ್ನು ಎಣಿಸಲು ಯಾರಿಗೂ ಆಗದಷ್ಟು ನುಣ್ಣಗೆ. ಕೆಸರಿಗೆ ಹೋಗುವ ವಸ್ತು ಇಷ್ಟು ಚೆಲುವಾಗಿ ಯಾಕಿರಬೇಕು ಎಂದು ಕೇಳಿದರೆ, ಪಕ್ಕದಲ್ಲಿ ತಂಗಿಯದೂ ಇರುತ್ತದಲ್ಲ ಎಂಬುದೇ ಉತ್ತರ.

ಪರೀಕ್ಷೆಯ ದಿನ ಅಕ್ಕತಂಗಿಯರಿಬ್ಬರೂ ಗದ್ದೆಯ ಬದುವಿನ ಮೇಲೆ ನಿಂತಿದ್ದರು. ಸಪ್ನಾ ಎರಡೂ ಸುರುಳಿಗಳನ್ನು ಜೋಡಿಸಿ ಸ್ವಿಚ್ಚು ಒತ್ತಿದಳು. ಸಣ್ಣ ದೀಪ ಹತ್ತಿತು, ಆದರೆ ಮಂಕಾಗಿ. ನೂರು ಕೊಟ್ಟರೆ ಎಂಬತ್ತಾದರೂ ದಾಟಬೇಕಾದಲ್ಲಿ ಮೀಟರು ಐವತ್ತನಾಲ್ಕು ತೋರಿಸಿತು. ತೋಳನ್ನು ಒಂದು ಗೇಣು ಎತ್ತುವವರೆಗೆ ಅಂಕಿ ಕದಲಬಾರದಿತ್ತು. ನಾಲ್ಕು ಬೆರಳು ಎತ್ತುವಷ್ಟರಲ್ಲಿ ದೀಪ ಕಣ್ಣು ಮುಚ್ಚಿತು.

“ಜರಾ ಫರಕ್ ಬಂದೈತಿ ಎಲ್ಲೋ,” ಎಂದಳು ಸಪ್ನಾ.

“ಮಷೀನ್ ಎಣಸ್ತೈತಿ, ಬಿಗಿ ನೋಡಂಗಿಲ್ರಿ ಮೇಡಂ,” ಗೊಲ್ಲಾಳಮ್ಮ ಕೂಡಲೇ ಹೇಳಿದಳು. “ಸಡಿಲ ಬಿದ್ದಿರಬೇಕು.”

ಮಲ್ಲಿಕಮ್ಮ ತಿರುಗಿದಳು. “ನಂದು ಸಡಿಲ ಇದ್ರ ನಿಂದು ಎಷ್ಟು ಬಿಗಿ ಐತಿ, ಬಿಚ್ಚಿ ತೋರಸು ಅಕ್ಕಾ.”

“ಕಟ್ಟಿದ್ದು ಬಿಚ್ಚೋದು ನಮ್ಮ ಅಂಗಡ್ಯಾಗ ಪದ್ಧತಿ ಇಲ್ಲ.”

“ಹಂಗಾರ ಸುಟ್ಟ ಮ್ಯಾಲ ಬಿಚ್ಚತೀರೇನು?”

ಸಪ್ನಾ ನಡುವೆ ಬಂದಳು. ಅವಳು ಆಗಲೇ ಸುರುಳಿಗಳನ್ನು ಮೀಟರಿಗೆ ಹಚ್ಚಿ ಒಂದೊಂದನ್ನೂ ಅಳೆದಿದ್ದರೆ ಮಾತು ಮುಗಿಯುತ್ತಿತ್ತು. ಅಳೆಯಲಿಲ್ಲ. ಗತಿಯನ್ನು ತಾನೇ ಹುಡುಕಿಕೊಳ್ಳುವ ಸರ್ಕ್ಯೂಟ್ ಕೈಯಲ್ಲಿರುವಾಗ ಅಳೆಯುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ತಪ್ಪನ್ನು ಕ್ಷಮಿಸುವ ಯಂತ್ರದ ಬಗ್ಗೆ ನನಗಿರುವ ಮುಖ್ಯ ತಕರಾರು ಇದೇ.

ಮೂರನೆಯ ದಿನ ಗೊಲ್ಲಾಳಮ್ಮ, ಯಾರೂ ಕೇಳದಿದ್ದರೂ, ಉಳಿದ ತಂತಿಯಲ್ಲಿ ಇನ್ನೊಂದು ಸುರುಳಿ ಸುತ್ತಿಕೊಂಡು ಗದ್ದೆಗೆ ಹೋದಳು. “ನನ್ನದರ ಜೋಡಿ ನನ್ನದೇ ಹಚ್ಚಿ ನೋಡ್ರಿ,” ಎಂದಳು. ದೀಪ ಬೆಳ್ಳಗೆ ಹತ್ತಿತು. ಎಂಬತ್ತೊಂದು. ತೋಳು ಗೇಣಿನಷ್ಟು ಮೇಲಕ್ಕೆ ಹೋದರೂ ಎಂಬತ್ತೊಂದು. ಸಪ್ನಾಳಿಗೆ ಅಷ್ಟು ಸಾಕಾಯಿತು. ತಪ್ಪು ಸುರಪುರದ ಸುರುಳಿಯದೆಂದು ತೀರ್ಮಾನಿಸಿದಳು. ಮಲ್ಲಿಕಮ್ಮನ ಸುರುಳಿಗೂ ಅವಳದೇ ಕೈಯ ಜೋಡಿಯನ್ನು ಹಚ್ಚಿ ನೋಡಬೇಕೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹೇಳಬೇಕಾದವಳು ಅಲ್ಲಿ ಇರಲಿಲ್ಲ. ನಲವತ್ತು ಸುರುಳಿಗಳ ಕೆಲಸ ಶಹಾಪುರಕ್ಕೆ ಬಂತು. ಆ ಸಂಜೆ ದ್ಯಾವಪ್ಪನಿಗೆ ಎರಡು ಬಗೆಯ ಪಲ್ಯ ಸಿಕ್ಕಿತು.

ಒಂಬತ್ತು ಸುತ್ತಿನ ಲೆಕ್ಕದಲ್ಲಿ ನಲವತ್ತಕ್ಕೆ ಸರಿಹೋಗುವಷ್ಟು ತಂತಿಯನ್ನು ಸಪ್ನಾ ಒಂದೇ ರೀಲಿನಲ್ಲಿ ಕಳಿಸಿದಳು. ಗೊಲ್ಲಾಳಮ್ಮ ದಿನಕ್ಕೆ ನಾಲ್ಕರಂತೆ ಸುತ್ತಿ ಗೋಡೆಯ ಮೊಳೆಗಳಿಗೆ ತೂಗುಹಾಕಿದಳು. ಒಂಬತ್ತನೆಯ ದಿನ, ಮೂವತ್ತಾರನೆಯ ಸುರುಳಿ ಮುಗಿಯುವಾಗ, ಇನ್ನೂ ನಾಲ್ಕು ಬಾಕಿ ಇರುವಂತೆಯೇ, ತಂತಿ ತೀರಿ ರೀಲಿನ ಮರ ಕಾಣಿಸಿತು.

ಮೊದಲು ತಂತಿ ಮಾರಿದವನನ್ನು ಬೈದಳು. ಆಮೇಲೆ ಸಪ್ನಾಳ ಲೆಕ್ಕವನ್ನು ಶಂಕಿಸಿದಳು. ಕಡೆಗೆ, ಇನ್ನೂ ಟೇಪು ಕಟ್ಟದ ಆ ಕೊನೆಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಸುಟ್ಟ ತಂತಿಯನ್ನು ಎಣಿಸುವಂತೆ ಹೆಬ್ಬೆರಳ ಉಗುರಿನಿಂದ ಒಂದೊಂದೇ ಸುತ್ತನ್ನು ಮೀಟಿದಳು. ಹತ್ತು. ಮತ್ತೆ ಮೀಟಿದಳು. ಹತ್ತೇ. ಗೋಡೆಯ ಮೇಲಿನದೊಂದನ್ನು ಇಳಿಸಿ ತನ್ನ ಪದ್ಧತಿಯನ್ನೇ ಮುರಿದು ಬಿಚ್ಚಿದಳು. ಹತ್ತು.

ತುಟಿಯ ಮೇಲೆ ಲಾಭ ಎಂಬ ಮಾತು ತಾನಾಗಿ ಬಂತು, ಮತ್ತು ಆ ಕ್ಷಣಕ್ಕೆ ಎಲ್ಲವೂ ತಿಳಿಯಿತು. ಮಲ್ಲಿಕಮ್ಮನದರಲ್ಲಿ ಒಂಬತ್ತೇ ಇದ್ದವು. ತಾನು ಹತ್ತು ಸುತ್ತಿದ್ದಳು. ಒಂಬತ್ತು ಹತ್ತಕ್ಕೆ ಕೂಡಲಿಲ್ಲ. ಹತ್ತು ಹತ್ತಕ್ಕೆ ಚೆನ್ನಾಗಿ ಕೂಡಿತು. ಸರಿಯಾಗಿದ್ದವಳು ತಂಗಿ. ಆದರೂ ಈ ಮೂವತ್ತಾರು ಸುರುಳಿಗಳು ಒಂದರ ಜೊತೆ ಒಂದು ಸೊಗಸಾಗಿ ಕೆಲಸ ಮಾಡುತ್ತವೆ, ಏಕೆಂದರೆ ಎಲ್ಲದರಲ್ಲೂ ತಪ್ಪು ಒಂದೇ. ತಾನೇ ಗತಿ ಹುಡುಕಿಕೊಳ್ಳುವ ಆ ಸರ್ಕ್ಯೂಟಿಗೆ ಒಂಬತ್ತಾದರೇನು, ಹತ್ತಾದರೇನು? ಯಾರೂ ಕೇಳುವುದಿಲ್ಲ.

“ತಂತಿ ಕಮ್ಮಿ ಬಿದ್ದೈತಿ ಅಂತ ಮೇಡಂಗ ಫೋನ್ ಹಚ್ಚು,” ಎಂದಳು ಗಂಡನಿಗೆ. ಇನ್ನಷ್ಟು ತಂತಿ ಕಳಿಸಲು ಸಪ್ನಾ ಕೂಡಲೇ ಒಪ್ಪಿದಳು.

ಭಾನುವಾರ ಮಧ್ಯಾಹ್ನ ಮಲ್ಲಿಕಮ್ಮ ಬಂದಳು. ಕಾಲೇಜಿನಿಂದ ವಾಪಸು ತಂದ ತನ್ನ ಸುರುಳಿ ಚೀಲದಲ್ಲಿತ್ತು. ನೀರು ಕೂಡ ಕುಡಿಯದೆ ನೆಲದ ಮೇಲೆ ಕೂತು, ಬ್ಲೇಡಿನಿಂದ ಅದರ ಮೇಲ್ಪದರವನ್ನು ಸೀಳಿದಳು.

“ಏನು ಮಾಡಾಕತ್ತೀ?”

“ನೋಡು ನೀನ. ಒಂದು, ಎರಡು...” ಬೆರಳಿಟ್ಟು ಎಣಿಸಿದಳು. “ಒಂಬತ್ತು. ಬಿಗಿ ಹಿಡಿದು ನೋಡು. ನೀ ಕಲಿಸಿದಂಗ ಐತೋ ಇಲ್ಲೋ? ಎಲ್ಲಿ ತಪ್ಪೀನಿ, ಹೇಳು.”

ಗೊಲ್ಲಾಳಮ್ಮ ಸುರುಳಿಯನ್ನು ಕೈಗೆ ತೆಗೆದುಕೊಂಡಳು. ಅದು ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಅನ್ನಿಸಿತು.

“ಮಷೀನಿಂದು ಹಂಗ,” ಎಂದಳು. “ಹೊರಗ ಪಾಡ ಕಾಣ್ತೈತಿ.”

“ಸುರಪುರದಾಗ ಮಂದಿ ನಗಾಕತ್ತಾರ. ಕಾಲೇಜಿನವರು ಮಲ್ಲಿಕಮ್ಮನ ಕಾಯಿಲ್ ಎಸದ್ರಂತ ಅಂತಾರ. ಬೋನಾಳದವ ಒಬ್ಬ ಕೊಟ್ಟ ಮೋಟರ್ ತಿರುಗಿ ಒಯ್ದ.” ಮಲ್ಲಿಕಮ್ಮ ಸ್ವಲ್ಪ ಹೊತ್ತು ಗೋಡೆಯ ಸುರುಳಿಗಳನ್ನು ನೋಡಿದಳು. ಅವಳ ದನಿ ತಗ್ಗಿತು. “ಹೋಗ್ಲಿ ಬಿಡು. ಮಷೀನ್ ತಂದೆ, ಬೋರ್ಡ್ ಹಾಕಿದೆ. ನಿನ್ನ ಕೈ ನನಗ ಬರಲಿಲ್ಲ ಅಕ್ಕಾ. ಅದು ಖರೇ.”

ಎಂಟು ವರ್ಷಗಳಿಂದ ಗೊಲ್ಲಾಳಮ್ಮ ಕೇಳಬೇಕೆಂದಿದ್ದ ಮಾತು ಅದು. ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಬೋನಾಳದ ಗಿರಾಕಿಗಳು ಮುಖ ತಿರುಗಿಸಿದಾಗ, ತಂಗಿಯ ಬಾಯಿಂದ ಇದೇ ಮಾತು ಬರುವುದನ್ನು ಆಕೆ ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ಈಗ ಬಂತು, ಸುಳ್ಳಿನ ಬುಡದ ಮೇಲೆ ನಿಂತು ಬಂತು. ಇಟ್ಟುಕೊಳ್ಳುವಂತೆಯೂ ಇರಲಿಲ್ಲ, ಬಿಡುವಂತೆಯೂ ಇರಲಿಲ್ಲ. ಆಕೆ ಚಹಾ ಮಾಡಲು ಒಳಗೆ ಹೋದಳು. ಚಹಾಕ್ಕೆ ಸಕ್ಕರೆ ಹಾಕಲು ಮರೆತಳು. ತಂಗಿ ಅದನ್ನು ಹಾಗೆಯೇ ಕುಡಿದು ಬಸ್ಸಿಗೆ ಹೋದಳು.

ಮರುದಿನ ಬೆಳಿಗ್ಗೆ ಗೊಲ್ಲಾಳಮ್ಮ ತಾನು ಬಿಚ್ಚಿದ ಸುರುಳಿಯನ್ನು ಚೀಲದಲ್ಲಿ ಹಾಕಿಕೊಂಡು ಗದ್ದೆಗೆ ಹೋದಳು. ಸಪ್ನಾ ಬದುವಿನ ಮೇಲೆ ತಂತಿ ಎಳೆಯುತ್ತಿದ್ದಳು.

“ಮೇಡಂ, ಇದನ್ನ ಎಣಸ್ರಿ.”

ಸಪ್ನಾ ಎಣಿಸಿದಳು. ಮುಖ ನೋಡಿದಳು. ಮತ್ತೆ ಎಣಿಸಿದಳು. “ಹತ್ತು?”

“ಮಲ್ಲಿದು ಸರಿ ಇತ್ರಿ. ತಪ್ಪು ನಂದು. ನಾ ಲಾಭ ಅಂತ ಒಂದು ಸುತ್ತು ಬ್ಯಾರೇ ಹಾಕತೀನಿ. ತಂತಿ ಕಮ್ಮಿ ಬಿದ್ದದ್ದೂ ಅದಕ್ಕ.” ಉಸಿರು ತೆಗೆದುಕೊಂಡು ಸೇರಿಸಿದಳು: “ಬೇಕಂತ ಮಾಡಿಲ್ರಿ. ಆದ್ರ ಗೊತ್ತಾದ ಮ್ಯಾಲೂ ನಾಕು ದಿನ ಸುಮ್ಮನ ಇದ್ದೆ. ಅದು ಬೇಕಂತ ಮಾಡೀನಿ.”

ಸಪ್ನಾ ಸುರುಳಿಯನ್ನು ಬದುವಿನ ಮೇಲೆ ಇಟ್ಟಳು. ತಾನು ಅಳೆಯದೆ ಬಿಟ್ಟದ್ದು ಅವಳಿಗೂ ಆಗ ನೆನಪಾಗಿರಬೇಕು. “ನೀವು ಹೇಳದಿದ್ರ ನನಗ ತಿಳೀತಿದ್ದಿಲ್ರಿ ಅಮ್ಮಾ. ಈ ಮೂವತ್ತಾರು ಹಿಂಗೇ ನಡೀತಾವ, ಜೋಡಿ ಬರಾಬರ್ ಅದಾವ,” ಎಂದಳು. “ಉಳಿದ ನಾಕು?”

“ಮಲ್ಲಿಗೆ ಕೊಡ್ರಿ. ಒಂಬತ್ತೇ ಸುತ್ತಲಿ. ಮತ್ತ ಸುರಪುರಕ್ಕ ನೀವ ಫೋನ್ ಹಚ್ರಿ. ನನಗ ಹೇಳಾಕ ಬಾಯಿ ಬರಂಗಿಲ್ಲ.”

ಸಪ್ನಾ ಫೋನು ಹಚ್ಚಿದಳು. ಆ ಕಡೆಯಿಂದ ಬಂದ ಮಾತುಗಳು ಮೂರು ಮಾರು ದೂರ ನಿಂತಿದ್ದ ಗೊಲ್ಲಾಳಮ್ಮನಿಗೂ ಕೇಳಿಸಿದವು, ಬರೆಯುವಂಥವಲ್ಲ.

ಹದಿನೈದು ದಿನಗಳ ಮೇಲೆ ಇಪ್ಪತ್ತು ಜೋಡಿಗಳೂ ಗದ್ದೆಯಲ್ಲಿ ನಿಂತವು. ಹದಿನೆಂಟು ಹತ್ತು ಸುತ್ತಿನವು, ಎರಡು ಒಂಬತ್ತು ಸುತ್ತಿನವು. ಕಾಲುವೆಯ ಬದಿಯ ಕೊನೆಯ ಎರಡು ಮಡಿಗಳಲ್ಲಿ ಅಕ್ಕನದೊಂದು, ತಂಗಿಯದೊಂದು ಜೋಡಿ ಅಕ್ಕಪಕ್ಕ ಇದ್ದವು. ಇಬ್ಬರೂ ಬಂದಿದ್ದರು, ಮಾತು ಇನ್ನೂ ಶುರುವಾಗಿರಲಿಲ್ಲ. ದೀಪಗಳು ಹತ್ತಿದವು. ಸಪ್ನಾ ಮೀಟರು ನೋಡಿ ಬರೆದುಕೊಂಡಳು.

ಗೊಲ್ಲಾಳಮ್ಮ ಅವಳ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: “ಆಕಿದು ಎಷ್ಟು ತೋರಸ್ತ್ರಿ?”

“ಎಂಬತ್ತಮೂರು.”

“ನಂದು?”

“ಎಂಬತ್ತೊಂದು.”

ಗೊಲ್ಲಾಳಮ್ಮ ಎರಡೂ ಮಡಿಗಳನ್ನು ನೋಡಿದಳು. ಸೊಂಟದ ಮೇಲೆ ಕೈ ಇಟ್ಟಳು. “ಆಕಿ ಮಡ್ಯಾಗ ಕೆಸರು ತೆಳ್ಳಗ ಐತ್ರಿ. ಜಾಗ ಬದಲ್ ಮಾಡಿ ನೋಡ್ರಿ. ಆಕಿದು ಇಲ್ಲಿ, ನಂದು ಅಲ್ಲಿ.”

ಇಡೀ ಪ್ರಕರಣದಲ್ಲಿ ಯಾರಾದರೂ ಸೂಚಿಸಿದ ಮೊದಲ ಸರಿಯಾದ ಪರೀಕ್ಷೆ ಅದು: ವ್ಯತ್ಯಾಸ ಸುರುಳಿಯದೋ ಜಾಗದ್ದೋ ಎಂದು ಅದರಿಂದ ತಿಳಿಯುತ್ತಿತ್ತು. ಸಪ್ನಾ ಪೆನ್ನು ಮುಚ್ಚುವಷ್ಟರಲ್ಲಿ ಮಲ್ಲಿಕಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆಸರಿಗೆ ಇಳಿದಾಗಿತ್ತು.

“ಬದಲ್ ಮಾಡಿದ ಮ್ಯಾಲೂ ನಂದ ಹೆಚ್ಚು ಬಂದ್ರ ಏನು ಕೊಡ್ತಿ ಅಕ್ಕಾ?”

“ನಿನಗ? ಸಕ್ಕರಿ ಇಲ್ಲದ ಚಹಾ,” ಎಂದಳು ಗೊಲ್ಲಾಳಮ್ಮ, ತನ್ನ ಸುರುಳಿಯನ್ನು ಮೇಲೆತ್ತಲು ತಾನೂ ಇಳಿಯುತ್ತ. “ಮೊದಲ ನಿಂದು ತಗಿ. ನಂದು ಮುಟ್ಟಬ್ಯಾಡ.”